ಅಳಿಯ ನನ್ನ ಹೆಸರಿನಲ್ಲಿ ಬರೆದ ಮೂರು ಪುಟ

ನಮ್ಮ ಕಡೆಯ ದೊಡ್ಡ ಮನುಷ್ಯನೊಬ್ಬನಿಗೆ ಅರವತ್ತು ತುಂಬಿತು ಅಂತ ಶಿವಮೊಗ್ಗದಲ್ಲಿ ಒಂದು ಅಭಿನಂದನ ಗ್ರಂಥ ಬಂತು. ಇಟ್ಟಿಗೆಯಷ್ಟು ದಪ್ಪ. ಅದರಲ್ಲಿ ನನ್ನ ಹೆಸರಿನಲ್ಲಿ ಮೂರು ಪುಟ ಇದೆ, ಪಕ್ಕಕ್ಕೆ ನನ್ನ ಫೋಟೊ. ಆ ಮೂರು ಪುಟದಲ್ಲಿ ನನ್ನದು ಅಂತ ಇರುವುದು ಒಂದು ಚೊಂಬು ನೀರು ಮಾತ್ರ. ಮಿಕ್ಕಿದ್ದನ್ನೆಲ್ಲ ಬರೆದವರು ನನ್ನ ಅಳಿಯ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಪೇಪರ್ ಓದುತ್ತೇನೆ, ನಿಧಾನಕ್ಕೆ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ತಿದ್ದು, ವಿಷಯ ತಿದ್ದಬೇಡ ಅಂತ ಮಗಳಿಗೆ ಹೇಳಿದ್ದೇನೆ.

ನನ್ನ ಗಂಡನಿಗೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ. ಕ್ವಾರ್ಟರ್ಸಿನ ಸಾಲುಮನೆಯಲ್ಲಿ ಇದ್ದೆವು. ನಮ್ಮ ಗೋಡೆಗೆ ಅಂಟಿಕೊಂಡ ಮನೆ ತಮಿಳರದ್ದು. ನಾವು ಲಿಂಗ ಕಟ್ಟಿದವರು; ಆ ಮನೆಯಿಂದ ಬರುವ ಮೀನಿನ ವಾಸನೆ ಅಂದರೆ ನಮ್ಮ ಅತ್ತೆಗೆ ಆಗುತ್ತಿರಲಿಲ್ಲ. ಅದೇ ಅತ್ತೆ ಕೊನೆಗೆ ಹಾಸಿಗೆ ಹಿಡಿದಾಗ ನನ್ನ ಜೊತೆ ನಿಂತು ಮಗ್ಗುಲು ತಿರುಗಿಸಿ ಮೈ ಒರೆಸಿದವಳು ಆ ಮನೆಯವಳೇ. ನನಗಿಂತ ಸ್ವಲ್ಪ ಚಿಕ್ಕವಳು, ಅಕ್ಕ ಅನ್ನುತ್ತಿದ್ದಳು. ಬೆಳಿಗ್ಗೆ ಇಡ್ಲಿ ಬೇಯಿಸಿ ಶಿಫ್ಟಿಗೆ ಹೋಗುವವರಿಗೆ ಮಾರುತ್ತಿದ್ದಳು.

ಈಗಿನ ಆ ದೊಡ್ಡ ಮನುಷ್ಯ ಆಗ ಲಾರಿಗೆ ಲೋಡ್ ಮಾಡಿಸುವ ಕಂಟ್ರಾಕ್ಟರನ ಹತ್ತಿರ ಮೇಸ್ತ್ರಿ. ಹೆಚ್ಚು ಕಡಿಮೆ ದಿನಾ ಅವಳ ಮನೆ ಮುಂದಿನ ಕಟ್ಟೆ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಚಟ್ನಿ ಇನ್ನಷ್ಟು ಹಾಕು ಅಂತ ಸಲಿಗೆಯಿಂದ ಕೇಳುತ್ತಿದ್ದ. ಅವಳೂ ಹಾಕುತ್ತಿದ್ದಳು.

ಒಂದು ವರ್ಷ ನದಿ ನೀರಿನ ಜಗಳ ಎದ್ದು, ತಮಿಳರ ಮನೆ ಹುಡುಕಿಕೊಂಡು ಗುಂಪುಗಳು ತಿರುಗಿದವು. ನಮ್ಮ ಸಾಲಿಗೆ ಬಂದ ಗುಂಪಿಗೆ ಯಾವ ಮನೆ ಯಾರದ್ದು ಅಂತ ಗೊತ್ತಿರಲಿಲ್ಲ. ಎಲ್ಲ ಮನೆಗೂ ಒಂದೇ ಬಾಗಿಲು, ಒಂದೇ ಬಣ್ಣ. ತೋರಿಸಿದವನು ಆ ಮೇಸ್ತ್ರಿ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ತಾನು ಕೂತು ತಿನ್ನುತ್ತಿದ್ದ ಕಟ್ಟೆಯ ಮೇಲೆ ಕಾಲಿಟ್ಟು ನಿಂತ, ಅಷ್ಟೇ. ಅವಳ ಗಂಡ ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು. ಹೊರಗೆ ಎಳೆದು ಹಾಕಿದರು. ಕಲ್ಲೇಟಿಗೆ ಬಲಗಣ್ಣು ಹೋಯಿತು. ಅವಳೂ ಮಕ್ಕಳೂ ಹಿತ್ತಲಿಂದ ನಮ್ಮ ಅಡುಗೆಮನೆಗೆ ಬಂದು ಸೇರಿದ್ದರು. ನಾನು ಮುಂಬಾಗಿಲಲ್ಲಿ ನಿಂತಿದ್ದೆ. ಮೇಸ್ತ್ರಿ ಬಂದು ನೀರು ಕೇಳಿದ. ಕೊಟ್ಟೆ. ಇಲ್ಲ ಅಂದಿದ್ದರೆ ಒಳಗೆ ಬರುತ್ತಿದ್ದ. ಕುಡಿದು, ಚೊಂಬನ್ನು ಹೊಸಿಲ ಮೇಲೆ ಇಟ್ಟು ಹೋದ.

ಇದು ನಡೆದದ್ದು. ಅಳಿಯನಿಗೆ ಇದನ್ನು ಹೇಳಿದವಳು ನಾನೇ. ನನ್ನ ಗಂಡ ತೀರಿಕೊಂಡ ಮೇಲೆ ಶಿವಮೊಗ್ಗಕ್ಕೆ ಬಂದು ಮಗಳ ಮನೆಯಲ್ಲಿ ಇದ್ದೇನೆ. ಅಳಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಪುಸ್ತಕ ಬರೆದವರು, ಭಾಷಣಕ್ಕೆ ಜನ ಕರೆಯುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಹೇಳಿದೆ. ಅವರು ತಟ್ಟೆ ಮುಂದೆ ಕೈ ಒಣಗಿಸಿಕೊಂಡು ಕೂತೇಬಿಟ್ಟರು. ಆಮೇಲೆ ಸಭೆಗಳಲ್ಲಿ ಈ ಕಥೆ ಹೇಳತೊಡಗಿದರು. ಹೆಸರು ಎತ್ತುತ್ತಿರಲಿಲ್ಲ, ಆದರೆ ಯಾರು ಅಂತ ಕೇಳುವವರಿಗೆ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಮೇಸ್ತ್ರಿ ಲೀಡರ್ ಆಗಿದ್ದ. ಕಟ್ಟೆ ಮೇಲೆ ಕಾಲಿಟ್ಟ ಮಾತು ಬಂದಾಗ ಸಭೆಯಲ್ಲಿ ಸದ್ದೇ ಇರುತ್ತಿರಲಿಲ್ಲವಂತೆ. ಅಳಿಯ ಚೆನ್ನಾಗಿ ಹೇಳುತ್ತಿದ್ದರು. ನನಗಿಂತ ಚೆನ್ನಾಗಿ.

ಆಗ ನಮ್ಮ ಹಾಲ್‌ನಲ್ಲಿ ಭಾನುವಾರ ಮೇಷ್ಟ್ರುಗಳೆಲ್ಲ ಸೇರುತ್ತಿದ್ದರು. ಕಿಟಕಿ ತೆಗೆದುಕೊಂಡೇ ಸರ್ಕಾರವನ್ನು ಬೈಯುತ್ತಿದ್ದರು. ಬರಬರುತ್ತಾ ಕಿಟಕಿ ಹಾಕತೊಡಗಿದರು. ಆಮೇಲೆ ಮೊಬೈಲುಗಳನ್ನೆಲ್ಲ ಒಟ್ಟು ಮಾಡಿ ದೇವರ ಕೋಣೆಯಲ್ಲಿ ಇಟ್ಟು ಬಂದು ಮಾತಾಡುವರು. ಆಮೇಲೆ ಮಾತೇ ಬೇರೆಯಾಯಿತು: ಯಾರಿಗೆ ಎಲ್ಲಿಗೆ ವರ್ಗ, ಯಾರ ಪಿಂಚಣಿ ನಿಂತಿದೆ, ಯಾವ ಡಾಕ್ಟರು ಮಂಡಿ ನೋವಿಗೆ ಒಳ್ಳೆಯವರು. ಉಪ್ಪಿಟ್ಟು ಮಾತ್ರ ಅಷ್ಟೇ ಖರ್ಚಾಗುತ್ತಿತ್ತು.

ಅವರಲ್ಲಿ ಕಿಟಕಿ ಹಾಕದವನು ಒಬ್ಬನೇ. ಅಳಿಯನ ಶಿಷ್ಯ, ಹೊಳೆಹೊನ್ನೂರಿನ ಕಡೆಯ ಹುಡುಗ, ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ನಮ್ಮನೆಯಲ್ಲಿ ಬಡಿಸುವವರೆಗೂ ಕಾಯುತ್ತಿರಲಿಲ್ಲ, ಒಳಗೆ ಬಂದು ಅಕ್ಕಿರೊಟ್ಟಿ ಹೆಂಚಿನಿಂದಲೇ ತೆಗೆದುಕೊಳ್ಳುತ್ತಿದ್ದ. ಒಂದು ಸಭೆಯಲ್ಲಿ ಮೈಕ್ ಮುಂದೆ ನಿಂತು, ಕೆರೆ ಜಾಗ ಆ ದೊಡ್ಡ ಮನುಷ್ಯನ ಕಡೆಯವರಿಗೆ ಹೇಗೆ ಹೋಯಿತು ಅಂತ ಕೇಳಿದ. ವಾರ ತುಂಬುವುದರೊಳಗೆ ಪೊಲೀಸರು ಕರೆದುಕೊಂಡು ಹೋದರು. ಶಾಂತಿ ಕೆಡಿಸಿದ, ದೇಶದ ವಿರುದ್ಧ ಮಾತಾಡಿದ ಅಂತ ಕೇಸಿನ ಮೇಲೆ ಕೇಸು. ಜಾಮೀನು ಆಗಲಿಲ್ಲ. ಕಾಲೇಜಿನವರು ಕೆಲಸದಿಂದ ತೆಗೆದರು. ಭಾನುವಾರದವರು ಬರುವುದನ್ನು ನಿಲ್ಲಿಸಿದರು. ಬರುತ್ತಿದ್ದವಳು ಅವನ ತಾಯಿ ಒಬ್ಬಳೇ. ಬಸ್ಸಿಳಿದು ಸೀದಾ ನಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ಕೂರುವಳು, ಸಾರ್ ಏನಾದರೂ ಮಾಡಿದರಾ ಅಂತ ನನ್ನನ್ನು ಕೇಳುವಳು. ಸಾರ್ ಹಿಂದಿನ ಬಾಗಿಲಿಂದ ಹೋಗಿರುತ್ತಿದ್ದರು.

ಹೀಗಿರುವಾಗ ದೊಡ್ಡ ಮನುಷ್ಯನ ಕಡೆಯವನೊಬ್ಬ ಸ್ವೀಟ್ ಡಬ್ಬಿ ಹಿಡಿದುಕೊಂಡು ಬಂದ. ಬಹಳ ಮರ್ಯಾದೆಯ ಮನುಷ್ಯ. ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಬಂದ. ಗ್ರಂಥಕ್ಕೆ ಅಳಿಯನೇ ಸಂಪಾದಕರಾಗಬೇಕು ಅಂತ ಸಾಹೇಬರ ಆಸೆ ಅಂದ. ಹುಡುಗನ ವಿಷಯವನ್ನು ಅವನೇ ಎತ್ತಿದ. ವಯಸ್ಸಿನ ಹುಡುಗ, ಸಾಹೇಬರು ಮನಸ್ಸು ಮಾಡಿದರೆ ಆಗದ್ದೇನಲ್ಲ ಅಂದ. ಎದ್ದು ಹೋಗುವಾಗ, ಭದ್ರಾವತಿಯ ಹಳೇ ಕಥೆಯೊಂದನ್ನು ಸಾರ್ ಅಲ್ಲಲ್ಲಿ ಹೇಳುತ್ತಿದ್ದರಂತೆ, ಅದನ್ನು ಅತ್ತೆಯವರ ಬಾಯಲ್ಲೇ ಸರಿಯಾಗಿ ಹೇಳಿಸಿ ಅಂದ. ಸರಿಯಾಗಿ ಅನ್ನುವಾಗ ನನಗೆ ಕೈ ಮುಗಿದ.

ಇಂಥ ಗ್ರಂಥಗಳಲ್ಲಿ ಒಂದು ಪದ್ಧತಿ ಇದೆ. ಬರೆಯಲು ಬಾರದವರು ಹೇಳಿದ್ದನ್ನು ಮೇಷ್ಟ್ರುಗಳು ಬರೆದುಕೊಂಡು, ಕೊನೆಗೆ ನಿರೂಪಣೆ ಅಂತ ತಮ್ಮ ಹೆಸರು ಹಾಕುತ್ತಾರೆ. ಹಳೇ ಡ್ರೈವರು, ಅಡುಗೆಯವಳು, ಪ್ರೈಮರಿ ಶಾಲೆಯ ಜವಾನ, ಎಲ್ಲರ ಬಾಯಲ್ಲೂ ಹೀಗೇ ಹೊಗಳಿಕೆ ಬರುತ್ತದೆ. ಅಳಿಯ ನನ್ನನ್ನು ಏನೂ ಕೇಳಲಿಲ್ಲ. ಭಾನುವಾರದವರು ಮತ್ತೆ ಸೇರತೊಡಗಿದರು, ಈ ಸಲ ಸಂಪಾದಕ ಮಂಡಳಿ ಅಂತ. ಯಾರ ಲೇಖನ ಮೊದಲು, ಯಾರ ಫೋಟೊ ದೊಡ್ಡದು ಅಂತ ಜಗಳ. ಒಬ್ಬರು, ಸಾಹೇಬರ ವಿದ್ಯಾಭ್ಯಾಸದ ಅಧ್ಯಾಯ ಮಾತ್ರ ಸ್ವಲ್ಪ ಚಿಕ್ಕದಾಗಿರಲಿ ಅಂದಾಗ ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಹಾಗೆ ನಗುವುದಕ್ಕಾದರೂ ಅವರಿಗೆ ಧೈರ್ಯ ಉಳಿದಿತ್ತು.

ಅಚ್ಚಿಗೆ ಹೋಗುವ ಮೊದಲಿನ ಹಾಳೆಗಳು ಮೇಜಿನ ಮೇಲಿದ್ದವು. ನನ್ನ ಫೋಟೊ ನೋಡಿ ಎತ್ತಿಕೊಂಡೆ. ಮಧ್ಯಾಹ್ನ ಪೂರ್ತಿ ಹಿಡಿಯಿತು ಓದುವುದಕ್ಕೆ. ನಾನು ಹಸಿದ ಹುಡುಗನೊಬ್ಬನಿಗೆ ವಾತ್ಸಲ್ಯದಿಂದ ನೀರೂ ಅನ್ನವೂ ಕೊಟ್ಟೆನಂತೆ. ಆ ಹುಡುಗ, ಅಂದರೆ ಆಗಿನ ಮೇಸ್ತ್ರಿ, ಗುಂಪಿಗೆ ಎದುರಾಗಿ, ತಮಿಳರ ಮನೆ ಮುಂದೆ ಕಟ್ಟೆಯ ಮೇಲೆ ಕೈ ಅಗಲಿಸಿ ನಿಂತನಂತೆ. ಇವರು ನಮ್ಮವರು ಅಂದನಂತೆ. ವಾತ್ಸಲ್ಯ ಅನ್ನುವ ಮಾತನ್ನು ನಾನು ಹೆತ್ತ ಮಗಳಿಗೂ ಆಡಿದವಳಲ್ಲ. ಕೊನೆಗೆ ನೋಡಿದರೆ ನಿರೂಪಣೆ ಅಂತ ಯಾರ ಹೆಸರೂ ಇಲ್ಲ.

ಅಳಿಯ ಕಾಲೇಜಿನಿಂದ ಬಂದರು. ಅವರಿಗೆ ಕಾಫಿಯನ್ನೂ ಕೊಡದೆ ಕೇಳಿದೆ.

"ನೀವೇ ಅಲ್ವಾ ಆ ಕಥೆನ ಊರೆಲ್ಲಾ ಹೇಳ್ಕೊಂಡು ಬಂದಿದ್ದು?"

"ಅದಕ್ಕೇ ನನ್ನ ಕೈಲೇ ಬರೆಸ್ತಿದಾರೆ, ಅತ್ತೆ."

"ನಿಮ್ಮ ಹೆಸರು ಯಾಕಿಲ್ಲ ಕೆಳಗೆ?"

"ನಿಮ್ಮದೇ ಮಾತು ಅನ್ನಿಸ್ಬೇಕು ಅಂದ್ರು."

"ಅನ್ನಿಸ್ಬೇಕು ಅಂದವರು ಅವರು. ತೆಗೆದವರು ಯಾರು?"

ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಜೋಡಿಸಿಟ್ಟರು. ಆಮೇಲೆ ಹೇಳಿದರು, "ಹುಡುಗ ಒಳಗಿದಾನೆ, ಅತ್ತೆ. ಬರೀ ಮೂರು ಪುಟ. ಆ ಪುಸ್ತಕನ ಯಾರೂ ಓದಲ್ಲ, ಕಪಾಟಲ್ಲಿ ಇಡ್ತಾರೆ. ನೀವು ಬೇಡ ಅಂದ್ರೆ ತೆಗೀತೀನಿ. ಅವನ ತಾಯಿಗೆ ನೀವೇ ಹೇಳಿ."

ಅಳಿಯ ಕೆಟ್ಟವರಲ್ಲ. ಕುಡಿತ ಇಲ್ಲ, ಮಗಳ ಮೇಲೆ ಕೈ ಮಾಡಿದವರಲ್ಲ. ಆ ಹುಡುಗನ ಮೇಲೆ ಅವರಿಗೆ ನಿಜವಾಗಿ ಅಕ್ಕರೆ ಇತ್ತು. ಹೆದರಿಕೆ ಇತ್ತು. ಸಾಹೇಬರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ ಅನ್ನುವ ಖುಷಿಯೂ ಸಣ್ಣಗೆ ಇತ್ತು. ಓದಿದವರಿಗೆ ಎಲ್ಲದಕ್ಕೂ ಕಾರಣ ಸಿಗುತ್ತದೆ, ಆ ಕಾರಣ ಕೇಳುವುದಕ್ಕೂ ಚೆನ್ನಾಗಿರುತ್ತದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತು ನನಗೂ ದಾಟಲು ಆಗಲಿಲ್ಲ: ಹುಡುಗ ಒಳಗಿದ್ದ. ಬೇಡ ಅನ್ನುವುದಕ್ಕೆ ನನ್ನ ಕೈಲಿ ಆಗಲಿಲ್ಲ, ಹೂಂ ಅನ್ನುವ ಹಕ್ಕೂ ನನ್ನದಲ್ಲ. ಕಣ್ಣು ಹೋದದ್ದು ನಮ್ಮ ಪಕ್ಕದ ಮನೆಯವಳ ಗಂಡನದು.

ಮಾರನೇ ದಿನ ಭದ್ರಾವತಿ ಬಸ್ಸು ಹತ್ತಿದೆ. ಅವಳು ಈಗ ಮಗ, ಮೊಮ್ಮಕ್ಕಳ ಜೊತೆ ಇದ್ದಾಳೆ, ಶೀಟಿನ ಮನೆ. ಗಂಡ ಹೋಗಿ ಬಹಳ ವರ್ಷವಾಯಿತು. ಹುಡುಗ ಒಳಗಿರುವುದು, ಆ ದಿನದ ಕಥೆಯನ್ನು ತಿರುಗಿಸಿ ಬರೆದಿರುವುದು, ಇದ್ದ ಹಾಗೆ ಹೇಳಿದೆ. ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹುಡುಗ ಹೊರಗೆ ಬರ್ತಾನಾ ಅಕ್ಕಾ?"

"ಬರ್ತಾನೆ ಅಂತಾರೆ."

"ಮದ್ವೆ ಆಗಿದೆಯಾ ಅವನಿಗೆ?"

ಇಲ್ಲ ಅಂದೆ. ತಾಯಿ ಇದ್ದಾಳೆ ಅಂದೆ. ಬೇಳೆಯಲ್ಲಿದ್ದ ಕಲ್ಲೊಂದನ್ನು ಹೊರಗೆ ಎಸೆದಳು.

"ಬರ್ಕೊಳ್ಲಿ. ಹೋದ ಕಣ್ಣೇನು ಬರಲ್ಲ. ಏನು ಬರ್ದಿದಾರೆ ಅಂತ ಮಾತ್ರ ನಂಗೆ ಹೇಳ್ಬೇಡಿ."

ಶಿವಮೊಗ್ಗಕ್ಕೆ ಬಂದು ಅಳಿಯನಿಗೆ ಹೂಂ ಅಂದೆ.

ಸಮಾರಂಭಕ್ಕೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಸ್ಟೇಜಿನ ಮೇಲೆ ಮೂರು ಸಾಲು ಕುರ್ಚಿ, ಅದರಲ್ಲಿ ಒಂದು ಸಾಲು ಪೂರ್ತಿ ಮೇಷ್ಟ್ರುಗಳು. ಅಳಿಯ ಮೊದಲು ಮಾತಾಡಿದರು. ಕಟ್ಟೆ ಮೇಲೆ ಕೈ ಅಗಲಿಸಿ ನಿಂತದ್ದನ್ನು ಹೇಳಿದಾಗ ಆ ಸಭೆಯಲ್ಲೂ ಸದ್ದೇ ಇರಲಿಲ್ಲ. ಆಮೇಲೆ ನನ್ನನ್ನು ಕರೆದು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ದೊಡ್ಡ ಮನುಷ್ಯ ಕುರ್ಚಿಯಿಂದ ಎದ್ದು ಬಂದು ನನ್ನ ಕಾಲು ಮುಟ್ಟುವುದಕ್ಕೆ ಬಗ್ಗಿದ. ಅವನ ಕಿವಿ ನನ್ನ ಬಾಯಿಯ ಹತ್ತಿರ ಬಂತು.

"ಹುಡುಗನ್ನ ಯಾವಾಗ ಬಿಡಿಸ್ತೀಯಪ್ಪ?" ಅಂದೆ.

"ಆಶೀರ್ವಾದ ಮಾಡಿ ಅಮ್ಮ" ಅಂದ. ನಗುತ್ತಲೇ ಇದ್ದ.

ಮರುದಿನ ಪೇಪರಿನಲ್ಲಿ ಅದೇ ಗಳಿಗೆಯ ಫೋಟೊ. ನಾನು ಅವನ ಕಿವಿಯಲ್ಲಿ ಹರಸುತ್ತಿರುವ ಹಾಗೆ ಕಾಣುತ್ತದೆ.

ಹುಡುಗನನ್ನು ಬಿಡಲಿಲ್ಲ. ಸ್ವೀಟ್ ತಂದಿದ್ದವನಿಗೆ ಅಳಿಯ ಫೋನ್ ಮೇಲೆ ಫೋನ್ ಮಾಡಿದರು. ಮೊದಲು ಹಬ್ಬ ಕಳೆಯಲಿ ಅಂದರು, ಆಮೇಲೆ ಎಲೆಕ್ಷನ್ ಕಳೆಯಲಿ ಅಂದರು, ಕೊನೆಗೆ ಕಾನೂನಿನ ವಿಷಯದಲ್ಲಿ ಸಾಹೇಬರು ಕೈ ಹಾಕುವುದಿಲ್ಲ ಅಂದರು. ಅಷ್ಟರಲ್ಲಿ ಅಳಿಯ ಯಾವುದೋ ಸಮಿತಿಗೆ ಸದಸ್ಯರಾದರು. ಬೇಡ ಅಂದರೆ ಹುಡುಗನಿಗೇ ತೊಂದರೆ ಅಂತ ಒಪ್ಪಿಕೊಂಡರಂತೆ. ನಾನು ಇದನ್ನು ಬರೆಯುವ ಹೊತ್ತಿಗೂ ಅವನು ಒಳಗೇ ಇದ್ದಾನೆ. ಅವನ ತಾಯಿ ಬರುವುದನ್ನು ನಿಲ್ಲಿಸಿದಳು. ಪೇಪರಿನಲ್ಲಿ ಫೋಟೊ ನೋಡಿರಬೇಕು.

ಹುಡುಗ ಬರಲಿಲ್ಲ ಅಂತ ಭದ್ರಾವತಿಯವಳಿಗೆ ಹೇಳುವುದು ಬಾಕಿ ಇತ್ತು. ಫೋನಿನಲ್ಲಿ ಹೇಳುವ ಮಾತಲ್ಲ. ಗ್ರಂಥವನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಯಾಕೆ ತೆಗೆದುಕೊಂಡು ಹೋದೆ ಅಂದರೆ, ಬಚ್ಚಿಟ್ಟು ಮಾತಾಡುವುದು ನನಗೆ ಬರುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡು, ಹಾಗಾದರೆ ಓದಿ ಅಂದಳು. ಅವಳಿಗೆ ಕನ್ನಡ ಮಾತಾಡುವುದಕ್ಕೆ ಬರುತ್ತದೆ, ಓದುವುದಕ್ಕೆ ಬರುವುದಿಲ್ಲ.

ಓದಿದೆ. ನನ್ನ ಓದು ಗೊತ್ತಲ್ಲ, ಒಂದೊಂದು ಅಕ್ಷರಕ್ಕೂ ನಿಲ್ಲಬೇಕು. ಕೈ ಅಗಲಿಸಿ ನಿಂತ ಅನ್ನುವಲ್ಲಿಗೆ ಬಂದಾಗ ನಿಲ್ಲಿಸಲೇ ಅಂತ ಕೇಳಿದೆ. ಬೇಡ, ಮುಗಿಸಿ ಅಂದಳು. ಮೂರು ಪುಟವನ್ನೂ ಮುಗಿಸಿದೆ.

ಅವಳು ಅಂದಳು, "ಚೆನ್ನಾಗಿ ಬರ್ದಿದಾರೆ ನಿಮ್ಮ ಅಳಿಯ. ಹಂಗೇ ಆಗಿದ್ರೆ ನಮ್ಮವರಿಗೆ ಕಣ್ಣಿರೋದು."

ನಾನು ಪುಸ್ತಕವನ್ನು ಮಂಚದ ಮೇಲೆ ಇಟ್ಟು ಎದ್ದೆ. ಅವಳು ಅದನ್ನು ಎತ್ತಿ ನನ್ನ ಚೀಲಕ್ಕೆ ತುರುಕಿದಳು.

"ಇಲ್ಲಿ ಬೇಡ ಅಕ್ಕಾ. ಮೊಮ್ಮಕ್ಕಳು ಕನ್ನಡ ಓದ್ತಾರೆ."

ಆಮೇಲೆ ಬಸ್ಸಿಗೆ ಹೊತ್ತಾಗುತ್ತದೆ ಹೊರಡಿ ಅಂತ ಅವಳೇ ಅಂದಳು. ನಾನು ಹೊರಟೆ.