ಸೆರಗಲ್ಲಿ ಮುಚ್ಚಿದ ಗರುಗ

ನಿಟ್ಟೂರಿನ ಪುಟ್ಟತಾಯಮ್ಮನ ಎದುರು ವಾರಗಿತ್ತಿ ಕೋಮಲಾಳ ಹೆಸರೆತ್ತಿದರೆ ಸಾಕು, ಮುಖ ಹುಳ್ಳಗಾಗುತ್ತಿತ್ತು. ಬರೀ ಹೊಟ್ಟೆಕಿಚ್ಚು, ಬೇರೇನಲ್ಲ.

ತಲೆಗೂದಲಿನ ಎಣ್ಣೆ ಎಂದರೆ ಊರಿಗೆಲ್ಲ ಪುಟ್ಟತಾಯಮ್ಮನೇ. ಕಾಲುವೆ ಬದಿಯಲ್ಲಿ ಯಾರೂ ಇಲ್ಲದಾಗ ಸೊಪ್ಪು ಕಿತ್ತು, ಸೆರಗಲ್ಲಿ ಮುಚ್ಚಿ ತಂದು, ಅಡುಗೆಮನೆ ಬಾಗಿಲು ಹಾಕಿಕೊಂಡು ಅರೆದು, ತೋಟದ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುವಳು. ಸೊಪ್ಪಿನ ಹೆಸರು ಬಾಯಿಬಿಟ್ಟರೆ ಮದ್ದಿನ ಗುಣ ಹೋಗುತ್ತದೆಂದು ಅತ್ತೆ ಹೇಳಿದ್ದರು. ಹೆತ್ತ ಮಗಳು ಇಂಪನಾ ಕೇಳಿದಾಗಲೂ, "ನಿಂಗ್ಯಾಕೆ? ನಾನೇ ಮಾಡ್ಕೊಡಲ್ವಾ?" ಎಂದು ಬಾಯಿ ಮುಚ್ಚಿಸಿದ್ದಳು. ಜನ ಅವಳ ಕೈಗುಣ ಹೊಗಳಿದ ದಿನ ಅವಳಿಗೆ ಊಟವೇ ಬೇಕಿರಲಿಲ್ಲ.

ಕುಣಿಗಲ್ ಕಡೆಯ ಕೋಮಲಾಗೆ ಮಾತ್ರ ಗುಟ್ಟು ಗಿಟ್ಟು ಒಂದೂ ಇಲ್ಲ. ಒಂದು ದಿನ ಜಗಲಿಯಲ್ಲಿ ಕೂತು, ಬಿಳಿ ಹೂವಿನ ಅದೇ ಗಿಡ ಹಿಡಿದು ಅಕ್ಕಪಕ್ಕದ ಹೆಂಗಸರಿಗೆ ತೋರಿಸುತ್ತಿದ್ದಳು.

"ಗರುಗದ ಸೊಪ್ಪು ಕಣಕ್ಕಾ. ಚೀನಾದೋರೂ ಇದ್ನ ಔಷಧಿಗೆ ಬಳಸ್ತಾರಂತೆ, ಫೋನಲ್ಲಿ ನೋಡ್ದೆ."

ಚೀನಾದವರಿಗೂ ಗೊತ್ತಿದ್ದ ಗುಟ್ಟನ್ನು ಪುಟ್ಟತಾಯಮ್ಮ ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಕಾಪಾಡಿದ್ದಳು!

"ಆ ಕೋಮಲಾ ಹೇಳ್ಕೊಟ್ಟ ಎಣ್ಣೆ ಹಚ್ಚಿದ್ರೆ ಇರೋ ನಾಲ್ಕು ಕೂದ್ಲೂ ಉದುರ್ತವೆ ಬುಡು" ಎಂದು ಪುಟ್ಟತಾಯಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಉದುರಲಿಲ್ಲ, ಅದೇ ಸಂಕಟ. ಅವಳ ಬಾಗಿಲಿಗೆ ಬರುತ್ತಿದ್ದ ಹೆಂಗಸರು ಈಗ ಕೋಮಲಾಳ ಜೊತೆ ಕಾಲುವೆಗೆ ಹೋಗಿ ತಾವೇ ಕಿತ್ತು ತರುತ್ತಿದ್ದರು. ಹೋಗಲಿ, ಮಗಳಾದರೂ ನನ್ನವಳು ಎಂದುಕೊಂಡಳು. ಹೆರಿಗೆಯಾದ ಮೇಲೆ ಇಂಪನಾಳ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ ಎಂದು ಕೇಳಿದ್ದೇ, ಎಣ್ಣೆ ಕಾಯಿಸಿ ಬಾಟಲಿಗೆ ತುಂಬಿ ತುಮಕೂರಿನ ಬಸ್ಸು ಹತ್ತಿದಳು.

ಸದಾಶಿವನಗರದ ಮಗಳ ಮನೆ ಬಾಗಿಲಲ್ಲೇ ಅದೇ ವಾಸನೆ ಮೂಗಿಗೆ ಬಡಿಯಿತು. ಒಳಗೆ ಸ್ಟೌ ಮೇಲೆ ಹಸಿರೆಣ್ಣೆ ಕುದಿಯುತ್ತಿತ್ತು.

"ಆ ಕೋಮಲಾ ಇಲ್ಲಿಗೂ ಬಂದವ್ಳಾ?"

"ಇಲ್ಲ ಕಣವ್ವಾ, ನಾನೇ ಕಾಯಿಸ್ತಿದೀನಿ. ಸೊಪ್ಪು ಹೆಂಗಿರುತ್ತೆ ಅಂತ ಚಿಕ್ಕಮ್ಮ ವಿಡಿಯೋ ಕಾಲಲ್ಲಿ ತೋರ್ಸಿದ್ರು. ಇಲ್ಲೇ ಪಾರ್ಕ್ ಹತ್ರ ಬೇಕಾದಷ್ಟು ಬೆಳೆದೈತೆ."

"ನನ್ನ ಕೇಳಕ್ಕೇನಾಗಿತ್ತು?"

"ಕೇಳಿದ್ನಲ್ಲವ್ವಾ" ಎಂದಳು ಇಂಪನಾ, ಸೌಟು ತಿರುಗಿಸುತ್ತ. ದನಿಯಲ್ಲಿ ಕೋಪವಿರಲಿಲ್ಲ.

ಕೋಪವಿದ್ದಿದ್ದರೆ ಪುಟ್ಟತಾಯಮ್ಮ ಜಗಳವಾಡಿ ಗೆಲ್ಲುತ್ತಿದ್ದಳು. ಮಗಳನ್ನು ಕೋಮಲಾಳ ಕಡೆ ತಳ್ಳಿದ್ದು ತಾನೇ ಎಂದು ಹೊಳೆಯಿತು. ಹಾಗಂತ ಹೊಟ್ಟೆಕಿಚ್ಚೇನೂ ಇಳಿಯಲಿಲ್ಲ. ಬಾಟಲಿಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ತಾಯಿಯಾಗಿ ಏನಾದರೂ ಹೇಳಬೇಕಲ್ಲ ಎಂದು ಒಲೆಯ ಹತ್ತಿರ ಬಂದಳು.

"ಉರಿ ಕಮ್ಮಿ ಮಾಡು, ಸೀದೋಯ್ತದೆ."

"ಚಿಕ್ಕಮ್ಮನೂ ಅದೇ ಅಂದ್ರು" ಎಂದು ಇಂಪನಾ ಉರಿ ಸಣ್ಣ ಮಾಡಿದಳು.