ಚೆಂಡುಹೂವಿನ ಹಾರ ಹಾಕಿದ ಟೂರ್ ಗಾಡಿ

ಗೆಳೆಯರೇ, ಹೊಸ ಗಾಡಿಗೆ ಚೆಂಡುಹೂವಿನ ಹಾರ ಹಾಕಿದ ಮೇಲೆ ಒಮ್ಮೆ ದೂರ ನಿಂತು ನೋಡಿ.

ಹಳೇ ಟಿಲ್ಲರ್‌ನ ಟ್ರೈಲರ್, ಗುಜರಿ ತಗಡು, ಯಾವುದೋ ಬಸ್ಸಿನ ಕಿಟಕಿ ಸೇರಿಸಿ, ಕಾರಿನ ಹಿಂದೆ ಎಳೆದೊಯ್ಯುವ ಮಲಗುವ ಗಾಡಿಯೊಂದನ್ನು ಮಾಡಿಕೊಂಡಿದ್ದೆ. ಬೆಳಿಗ್ಗೆ ಮದ್ದೂರಿನಲ್ಲಿ ಪೂಜೆ ಮಾಡಿಸಿ, ಹೊಳೆದಂಡೆಯಲ್ಲಿ ಒಂದು ದಿನ ಇದ್ದು ಬರೋಣವೆಂದು ಹೆಂಡತಿಯೊಂದಿಗೆ ಹೊರಟೆ. ಚಕ್ರ ಅಲುಗಾಡುತ್ತಿತ್ತು, ನಿಧಾನವಾಗಿ ಹೋಗುತ್ತಿದ್ದೆ. ಎದುರು ಬಂದವರು ಬೈಕ್ ನಿಲ್ಲಿಸಿ ಕೈಮುಗಿದರು. ಗಾಡಿ ಅಷ್ಟು ಚೆನ್ನಾಗಿದೆ ಎಂದುಕೊಂಡೆ.

ಯಲಿಯೂರಿನ ಬಳಿ ಒಬ್ಬ ಅಡ್ಡ ನಿಂತ. “ಅಣ್ಣ, ಗಾಡಿ ಖಾಲಿ ಐತಾ? ಅಕ್ಕನ್ ಮನೇಲಿ ನಮ್ಮವ್ವ ತೀರೋಗವ್ಳೆ. ಕೊತ್ತತ್ತಿಗೆ ಕರ್ಕಂಡೋಗ್ಬೇಕು.”

ಜನ ಕೈಮುಗಿದದ್ದು ಯಾಕೆಂದು ಆಗ ಗೊತ್ತಾಯಿತು.

“ಇದು ಅಂಥ ಗಾಡಿ ಅಲ್ಲ ಕಣಪ್ಪ. ಟೂರಿಗೆ ಓಗಾಕೆ ಮಾಡ್ಕಂಡಿರಾದು.”

ಅವನು ಹಾರ ನೋಡಿದ, ನನ್ನನ್ನು ನೋಡಿದ. ಹೆಂಡತಿ ಇಳಿದುಹೋಗಿ, ಗಾಡಿಯೊಳಗಿದ್ದ ಎರಡು ದಿಂಬು, ಸ್ಟೌ ತಂದು ಕಾರಿಗೆ ಹಾಕಿದಳು. “ಇನ್ನೂ ಏನ್ ನೋಡ್ತಾ ಕುಂತಿದ್ದೀರಿ? ನಡೀರಿ.”

ಅವನ ಅಕ್ಕನ ಮನೆ ಮುಂದೆ ಗಾಡಿ ನಿಲ್ಲಿಸಿದಾಗ, ನನ್ನ ಅಳತೆಗೆ ಮಾಡಿಸಿದ್ದ ಮಂಚದ ಮೇಲೆ ಅಜ್ಜಿಯನ್ನು ಮಲಗಿಸಿದರು. ಮಗ ಪಕ್ಕದಲ್ಲಿ ಕೂತು ಕಿಟಕಿ ಪೂರ್ತಿ ತೆಗೆದ. “ಅವ್ವಂಗೆ ಗಾಳಿ ಬೇಕು ಕಣಣ್ಣ. ಬಸ್ನಲ್ಲೂ ಕಿಟ್ಕಿ ಪಕ್ಕನೇ ಕೂರಾದು.”

ಹೊಳೆ ಕಾಣಲೆಂದು ಇಟ್ಟಿದ್ದ ಕಿಟಕಿ ಅದು.

ಸಂಜೆ ಮನೆಗೆ ಮರಳಿದೆವು. ಹೆಂಡತಿ ತಲೆಗೆ ನೀರು ಹಾಕಿಕೊಂಡು, ಗಾಡಿಯತ್ತ ನೋಡದೆ ಒಳಗೆ ಹೋದಳು. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕೇಳಿದರು: “ಆಗ್ಲೇ ಬಂದ್ಬುಟ್ರಾ? ಅದ್ರೊಳ್ಗೆ ಮಲಿಕಂಡ್ರೆ ನಿದ್ದೆ ಬತ್ತದಾ?”

“ಮಲಗಿದವರು ಏಳಲೇ ಇಲ್ಲ” ಎಂದೆ.