ಲೈಟ್ ಕೊಡುವ ಸಿಸ್ಟರ್

ಜೀವನ್ ಬಿಮಾ ನಗರದ ಚರ್ಮದ ಆಸ್ಪತ್ರೆಯಲ್ಲಿ ಲೈಟ್ ಕೊಡುತ್ತಿದ್ದ ಸಿಸ್ಟರ್ ಅವರು. ನನ್ನ ಬೆನ್ನು, ಕುತ್ತಿಗೆಯ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡ ವರ್ಷ, ಚರ್ಮಕ್ಕೆ ಬಣ್ಣ ಮರಳಲೆಂದು ಈ ಬೆಳಕಿನ ಚಿಕಿತ್ಸೆಗೆ ವಾರಕ್ಕೆರಡು ಸಲ ಅವರ ಮುಂದೆ ನಿಲ್ಲುತ್ತಿದ್ದೆ. ಕಪ್ಪು ಕನ್ನಡಕವನ್ನು ಕೋಟಿನ ಅಂಚಿನಲ್ಲಿ ಒರೆಸಿ ಕೊಟ್ಟು, ನಾನು ಅಂಗಿಯ ಗುಂಡಿಗೆ ಕೈಹಾಕುವ ಮುಂಚೆಯೇ ಮುಖ ತಿರುಗಿಸುತ್ತಿದ್ದರು. ಆಳೆತ್ತರದ ಪೆಟ್ಟಿಗೆಯೊಳಗೆ ನಿಂತರೆ ಸುತ್ತಲೂ ದೀಪಗಳ ಗುಂಯ್ ಸದ್ದು, ಕನ್ನಡಕದೊಳಗೆ ಬರೀ ಕತ್ತಲೆ. ಹೊರಗಿನಿಂದ ನಿಮಿಷಕ್ಕೊಮ್ಮೆ ಕೇಳುತ್ತಿದ್ದರು: "ಇದ್ದೀರಾ ಸಾರ್?"

"ಇದ್ದೀನಿ" ಅನ್ನಬೇಕು. ಹಿಂದೆ ಯಾರೋ ಒಳಗೇ ತಲೆಸುತ್ತಿ ಬಿದ್ದಿದ್ದರಂತೆ; ಅಂದಿನಿಂದ ಅದು ಅವರೇ ಮಾಡಿಕೊಂಡ ನಿಯಮ.

ಬೈಯಪ್ಪನಹಳ್ಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ. ಒಂದು ದಿನ ಬೇಕೆಂದೇ ಸುಮ್ಮನಿದ್ದೆ. ತಕ್ಷಣ ದೀಪಗಳು ಆರಿ ಬಾಗಿಲು ತೆರೆಯಿತು. ಸಿಸ್ಟರ್ ಒಳಗೆ ಕೈಚಾಚಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಂಗೆಲ್ಲ ಮಾಡ್ಬೇಡಿ ಸಾರ್," ಅಂದರು. ಬೈಯಲಿಲ್ಲ. ಉಳಿದ ನಿಮಿಷ ಮುಗಿಸಿ ಕಳಿಸಿದರು. ನಾಚಿಕೆಯಾಯಿತು, ಆದರೂ ಕೋಣೆ ಸೇರುವವರೆಗೆ ಆ ಹಿಡಿತವನ್ನೇ ನೆನೆಯುತ್ತಾ ನಡೆದೆ.

ಮಚ್ಚೆಗಳಿಗೆ ಬಣ್ಣ ಬಂತು. ಇನ್ನು ಬರಬೇಕಾಗಿಲ್ಲ ಎಂದರು ಡಾಕ್ಟರ್. ಹೇಳಿ ಹೋಗೋಣವೆಂದು ಸಿಸ್ಟರ್ ಹತ್ತಿರ ಹೋದೆ. ಪೆಟ್ಟಿಗೆಯೊಳಗೆ ಬೇರೆ ಯಾರೋ ಇದ್ದರು. ನನಗೆ ಬೆನ್ನು ಮಾಡಿ, ಬಾಗಿಲಿಗೆ ಕಿವಿಯಿಟ್ಟು ಸಿಸ್ಟರ್ ಕೇಳಿದರು: "ಇದ್ದೀರಾ ಸಾರ್?"

"ಇದ್ದೀನಿ," ಅಂದುಬಿಟ್ಟೆ ನಾನು. ಒಳಗಿನವರೂ ಅಂದರು. ಸಿಸ್ಟರಿಗೆ ಕೇಳಿಸಿದ್ದು ಒಳಗಿನ ದನಿಯೊಂದೇ.